ಐದು ಚೀಟಿ, ಇನ್ನೂರಾ ಹನ್ನೆರಡು ಕಟ್ಟು

ಘತ್ತರಗಿ
೧೨ ಅಕ್ಟೋಬರ್, ರವಿವಾರ

ಐಶ್ವರ್ಯಾಳ ಅಪ್ಪನವರಿಗೆ,

ಶಿವಕಾಂತಾಳ ಶರಣು ಶರಣಾರ್ಥಿ.

ಮೊದಲು ರೂಢಿಯ ಪ್ರಕಾರ ‘ಮಾನ್ಯ ಅಧ್ಯಕ್ಷರಿಗೆ’ ಎಂದು ಬರೆದಿದ್ದೆ. ಇಪ್ಪತ್ತೆರಡು ವರ್ಷ ಟ್ರಸ್ಟಿನ ಕಾರ್ಯದರ್ಶಿಯಾಗಿ ನಿಮಗೆ ಬರೆದ ಪತ್ರಗಳೆಲ್ಲ ಹಾಗೇ ಶುರುವಾಗುತ್ತಿದ್ದವು, ನೀವು ಎದುರಿಗೇ ಕೂತು ಚಾ ಕುಡಿಯುತ್ತಿದ್ದರೂ. ಆಮೇಲೆ ನೆನಪಾಯಿತು, ಸದ್ಯಕ್ಕೆ ನೀವು ಅಧ್ಯಕ್ಷರಲ್ಲ. ಆ ಹಾಳೆ ಹರಿದು ಇದನ್ನು ತಗೊಂಡೆ. ಗಂಡನಿಗೆ ಪತ್ರ ಬರೆದು ಮೂವತ್ತು ವರ್ಷ ಆಗಿದೆ, ಏನಂತ ಕರೆಯಬೇಕು ಅನ್ನುವುದೇ ಮರೆತಿದೆ. ಅದಕ್ಕೆ ಮಗಳ ಹೆಸರಿನ ಆಸರೆ ಹಿಡಿದಿದ್ದೇನೆ.

ನೀವು ನನ್ನ ಫೋನು ಎತ್ತುವುದಿಲ್ಲ. ಆದರೆ ಕಿಣ್ಣಿ ಸುಲ್ತಾನದಿಂದ ನಿಮ್ಮ ಅಕ್ಕ ಗುರಮ್ಮಕ್ಕ ದಿನಾ ಸಂಜೆ ಫೋನು ಮಾಡಿ ನಿಮ್ಮ ವರದಿ ಒಪ್ಪಿಸುತ್ತಾರೆ. ತಮ್ಮ ಬಂದನೆಂದು ಮೊದಲ ಮೂರು ದಿನ ಹೋಳಿಗೆ ಮಾಡಿದ್ದರಂತೆ. ಈಗ ಹದಿನೆಂಟು ದಿನ ಆಯಿತು. ನೀವು ಅವರ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ನಂಬರು ಹಾಕಿದ್ದೀರಂತೆ. “ಜೀರಗಿ ಎಲ್ಲದಪಾ ಅಂದ್ರ ನಂಬರ್ ಹದ್ನಾರು ಅಂತಾನ. ನಾ ಓದಾಕ ಬರದಾಕಿ, ಹದ್ನಾರು ಎಲ್ಲಿ ಹುಡುಕ್ಲಿ ಶಿವಕಾಂತಾ? ನಿನ್ನ ಗಂಡನ್ನ ನೀ ಕರ್ಕೊಂಡ್ ಹೋಗು,” ಅಂದರು ನಿನ್ನೆ.

ಇನ್ನೊಂದು ಮಾತೂ ಹೇಳಿದರು. ನೀವು ಕಟ್ಟೆಯ ಮೇಲೆ ಕೂತು ಬಂದವರಿಗೆಲ್ಲ, “ಹೊರಗಿನವ್ರ ಮಾತು ಬಿಡ್ರಿ, ಮನ್ಯಾಗಿನ ಚೀಟಿನೇ ನನ್ನ ಕೆಡವಿತು,” ಎಂದು ಹೇಳುತ್ತಿದ್ದೀರಂತೆ. ಊರವರು ಹೌದು ಹೌದು ಅನ್ನುತ್ತಾರಂತೆ. ಗುರಮ್ಮಕ್ಕನೂ ನನ್ನನ್ನು ಕೇಳಿದರು, “ಖರೇ ಹೇಳು, ಗಂಡನ ವಿರುದ್ಧ ವೋಟು ಹಾಕಾಕ ನಿನ್ನ ಕೈ ಹೆಂಗ ಬಂತವಾ?” ಫೋನಿನಲ್ಲಿ ಏನು ಹೇಳಲಿ. ಅದಕ್ಕೇ ಈ ಪತ್ರ. ಕ್ಷಮೆ ಕೇಳುವುದಕ್ಕಂತೂ ಅಲ್ಲ. ಇದನ್ನು ಗುರಮ್ಮಕ್ಕನ ಮುಂದೆ ಜೋರಾಗಿ ಓದಿ ಹೇಳಬೇಕು, ಅವರ ಕಿವಿಗೆ ಇಲ್ಲಿತನಕ ಒಂದೇ ಕಡೆಯ ಮಾತು ಬಿದ್ದಿದೆ. ಅದಕ್ಕಾಗಿ ನಿಮಗೆ ಗೊತ್ತಿದ್ದ ಸಂಗತಿಯನ್ನೂ ಬರೆಯುತ್ತೇನೆ. ಎಲ್ಲಾದರೂ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿ. ಹೇಗೂ ತಿದ್ದುತ್ತೀರಿ.

ಗುರಮ್ಮಕ್ಕಾ, ನಿಮ್ಮ ತಮ್ಮ ಸರ್ವೇ ಇಲಾಖೆಯಲ್ಲಿದ್ದು ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನ ಹೊಲ ಅಳೆದವರು. ಬೇರೆಯವರ ಗಂಡಂದಿರು ಹಳ್ಳಿಗಳ ದೌರೆ ಮುಗಿಸಿ ಬರುವಾಗ ಹಸಿ ಶೇಂಗಾ ತರುತ್ತಿದ್ದರು, ಇವರು ಕಲ್ಲು ತರುತ್ತಿದ್ದರು. ಹೆಸರೇ ಕಲ್ಲಿನಾಥ, ಬೈದರೇನು ಬಂತು! ಅರಿವೆ ಒಗೆಯುವ ಬಂಡೆಯಾಗಿದ್ದ ಶಾಸನ ತಂದರು. ದನದ ಕೊಟ್ಟಿಗೆಗೆ ಹೊಸ್ತಿಲಾಗಿದ್ದ ವೀರಗಲ್ಲು ತಂದರು. ಯಾರದೋ ಅಟ್ಟದ ಮೇಲೆ ಇಲಿ ಕಡಿಯುತ್ತಿದ್ದ ತಾಡೋಲೆ ಕಟ್ಟುಗಳನ್ನು ಕೂಸಿನ ಹಾಗೆ ಎದೆಗವಚಿಕೊಂಡು ಬಸ್ಸಿನಲ್ಲಿ ತಂದರು. ಹೊಳೆದಂಡೆಯ ಪಾಳು ವಾಡೆಯನ್ನು ರಿಪೇರಿ ಮಾಡಿಸಿ ಎಲ್ಲವನ್ನೂ ಅದರಲ್ಲಿಟ್ಟರು. ಅದನ್ನು ನೋಡಿಕೊಳ್ಳಲಿಕ್ಕೆ ಟ್ರಸ್ಟು ಆಯಿತು. ಟ್ರಸ್ಟಿಗಳು ಐವರು. ಇವರು ಅಧ್ಯಕ್ಷರು, ನಾನು ಕಾರ್ಯದರ್ಶಿ. ತೊಗರಿಬೇಳೆ ಮಿಲ್ಲಿನ ಹಣಮಂತ್ರಾಯರು, ವಕೀಲ ಸಿದ್ದರಾಮೇಶ, ರಿಟೈರಾದ ಉರ್ದು ಮಾಸ್ತರ ಮುರ್ತುಜಾ ಸಾಹೇಬರು ಉಳಿದ ಮೂವರು. ಇಪ್ಪತ್ತೆರಡು ವರ್ಷ ನಮ್ಮ ಸಭೆಗಳಲ್ಲಿ ನಡೆಯುತ್ತಿದ್ದುದು ಇಷ್ಟೇ: ಇವರು ಮಾತಾಡುವುದು, ನಾವು ನಾಲ್ವರು ಚುರಮುರಿಯ ಸುಸಲಾ ತಿಂದು ಸಹಿ ಮಾಡುವುದು. ತಪ್ಪು ಅವರದಷ್ಟೇ ಅಲ್ಲ. ಸುಸಲಾ ಮಾಡುತ್ತಿದ್ದವಳು ನಾನೇ.

ಆಮೇಲೆ ಭೀಮೆ ಬಂದಳು.

ಸೋಮವಾರ ಮೇಲಿನ ಡ್ಯಾಮುಗಳಿಂದ ನೀರು ಬಿಟ್ಟರು. ಮಂಗಳವಾರ ಬೆಳಿಗ್ಗೆ ಆಟೋದಲ್ಲಿ ಮೈಕು ಕಟ್ಟಿಕೊಂಡು ಹೊಳೆದಂಡೆಯವರೆಲ್ಲ ಜಾಗ ಖಾಲಿ ಮಾಡಿ ಎಂದು ಸಾರಿದರು. ಅದೇ ದಿನ ಟಿವಿಯವರು ಬಂದರು. ನೀವು ಹೊಸ ಪಟಕಾ ಸುತ್ತಿಕೊಂಡು ವಾಡೆಯ ಬಾಗಿಲಲ್ಲಿ ನಿಂತು, “ಮುನ್ನೂರು ವರ್ಷದಾಗ ಈ ಹೊಸ್ತಿಲು ಹೊಳಿ ನೀರು ಕಂಡಿಲ್ಲ, ಮುಂದನೂ ಕಾಣಾಂಗಿಲ್ಲ,” ಅಂದಿರಿ. ಅದೇ ತಾಸಿನಲ್ಲಿ ಹಣಮಂತ್ರಾಯರು ಎಲ್ಲಿಯದೋ ಮುಳುಗಿದ ಗುಡಿಯ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿ, ‘ನಮ್ಮ ಪರಂಪರೆ ನೀರುಪಾಲು’ ಎಂದು ಬರೆದು ಕೆಳಗೆ ಅಳುವ ಮುಖ ಅಂಟಿಸಿದರು. ಸಿದ್ದರಾಮೇಶ ತಮ್ಮ ಲೆಟರ್‌ಹೆಡ್ಡಿನಲ್ಲಿ ತಹಸೀಲ್ದಾರರಿಗೆ, ಸದರಿ ವಿಷಯದಲ್ಲಿ ಟ್ರಸ್ಟು ಏನನ್ನೂ ಹೇಳಬಯಸುವುದಿಲ್ಲ ಎಂದು ಕಳಿಸಿದರು.

ಮಧ್ಯಾಹ್ನ ತಹಸೀಲ್ದಾರರ ಫೋನು ನನಗೇ ಬಂತು. “ಅಮ್ಮಾರೇ, ನಿಮ್ಮ ವಾಡೆ ಮುಳುಗಾಂಗಿಲ್ಲೋ, ಮುಳುಗೇಬಿಟ್ಟದೋ, ಅಥವಾ ಹೇಳಾಂಗೇ ಇಲ್ಲೋ? ಮೂರರಾಗ ಒಂದು ಹೇಳ್ರಿ, ನಾ ಮ್ಯಾಲ ಬರೀಬೇಕು,” ಅಂದರು. ನಾನು ಉತ್ತರ ಕೊಡುವಷ್ಟರಲ್ಲಿ ತಾವೇ ಮುಂದುವರಿಸಿದರು. ನಮಗೆಂದು ಒಂದು ಲಾರಿ ತೆಗೆದಿಟ್ಟಿದ್ದರಂತೆ. ಅಧ್ಯಕ್ಷರೇ ಟಿವಿಯಲ್ಲಿ ಅಪಾಯ ಇಲ್ಲ ಅಂದಮೇಲೆ ಅದನ್ನು ಬೇರೆ ಊರಿನ ಜನರನ್ನು ಸಾಗಿಸಲಿಕ್ಕೆ ಕಳಿಸಿಬಿಟ್ಟಿದ್ದರು. ಅವರದೇನು ತಪ್ಪು? ಜನ ಮೊದಲು.

ಗುರಮ್ಮಕ್ಕಾ, ಈ ಲಾರಿಯ ಮಾತನ್ನು ನಿಮ್ಮ ತಮ್ಮ ಕಟ್ಟೆಯ ಮೇಲೆ ಹೇಳಿರಲಿಕ್ಕಿಲ್ಲ.

ಬುಧವಾರ ಬೆಳಿಗ್ಗೆ ಮನೆಯಲ್ಲಿ ನಿಮಗೆ ಚಾ ಕೊಡುತ್ತ ನಾನೇ ಹೇಳಿದೆ. “ಇದು ನಿಮ್ಮಿಂದ ಆಗಾಂಗಿಲ್ರಿ. ಒಂದು ಕಲ್ಲಿನ ಮ್ಯಾಲ ಕೈಯಿಟ್ರ ನೀವು ಅರ್ಧಾ ದಿನ ಅಲ್ಲೇ ಇರ್ತೀರಿ. ಈ ನಾಕು ದಿನ ಬ್ಯಾರೆಯವ್ರಿಗೆ ಬಿಡ್ರಿ.” ನೀವು ಕಪ್ಪು ಕೆಳಗಿಟ್ಟು ಎದ್ದುಹೋದಿರಿ.

ಎಂಟಕ್ಕೆ ವಾಡೆಯ ಅಂಗಳದಲ್ಲಿ ಸಭೆ. ಭಾಗ್ಯವಂತಿ ಗುಡಿಯ ಕೆಳಗೆ ಹೊಳೆಗಿಳಿಯುವ ಮೆಟ್ಟಿಲುಗಳಲ್ಲಿ ಆರು ಮಾತ್ರ ನೀರಿನ ಮೇಲೆ ಉಳಿದಿದ್ದವು. ನಾವು ಐವರೂ ಬಂದೆವು. ಸಿದ್ದರಾಮೇಶ ನಿಯಮಾವಳಿ ಬಿಚ್ಚಿ ಹನ್ನೊಂದನೇ ಕಲಂ ಓದಿದರು. ಸಂಗ್ರಹದ ಯಾವ ವಸ್ತುವೂ ವಾಡೆಯಿಂದ ಹೊರಹೋಗಬೇಕಾದರೆ ಏಳು ದಿನ ಮುಂಚೆ ನೋಟಿಸು ಕೊಟ್ಟು ಸಭೆ ಕರೆಯಬೇಕು. ಮುರ್ತುಜಾ ಸಾಹೇಬರು ಗಡ್ಡ ಸವರಿಕೊಂಡು, “ವಕೀಲ್ ಸಾಬ, ಆ ನೋಟಿಸಿಂದು ಒಂದು ಕಾಪಿ ಹೊಳಿಗೂ ಕಳಸ್ರಿ. ಏಳು ದಿನ ತಡಿಯವ್ವಾ ಅಂತ,” ಅಂದರು. ಸಿದ್ದರಾಮೇಶರಿಗೆ ಸಿಟ್ಟು ಬಂತು. ಆದರೂ ಒಳ್ಳೆಯ ವಕೀಲರು, ಪುಟ ತಿರುವಿ ತಿರುವಿ ಐವರೂ ಹಾಜರಿದ್ದು ಐವರೂ ಬರೆದುಕೊಟ್ಟರೆ ನೋಟಿಸಿನ ಅವಶ್ಯಕತೆ ಇಲ್ಲ ಎಂಬುದನ್ನು ಹುಡುಕಿ ತೆಗೆದರು. ಬರೆದುಕೊಟ್ಟೆವು. ನೀವೂ ಸಹಿ ಮಾಡಿದಿರಿ. ನಿಮ್ಮ ಸಹಿ ಎಲ್ಲರದಕ್ಕಿಂತ ದೊಡ್ಡದಿತ್ತು.

ಕಲ್ಲುಗಳನ್ನು ಅಲ್ಲಾಡಿಸುವುದು ಸಾಧ್ಯವಿರಲಿಲ್ಲ, ಅವು ಅಲ್ಲೇ ಇರಲಿ ಎಂದಾಯಿತು. ತಾಡೋಲೆ ಕಟ್ಟುಗಳು ಇನ್ನೂರಾ ಹನ್ನೆರಡು. ಜತೆಗೆ ಮುರ್ತುಜಾ ಸಾಹೇಬರು ಓದುವ ಉರ್ದು ಕಾಗದಗಳ ಮೂರು ಟ್ರಂಕು. ಇವನ್ನು ಎಲ್ಲಿಗೆ ಒಯ್ಯುವುದು? ಹಣಮಂತ್ರಾಯರು ತಮ್ಮ ಗೋದಾಮು ಅಂದರು. ನೀವು, “ನೋಡೋಣ.” ಮುರ್ತುಜಾ ಸಾಹೇಬರು ದಿನ್ನೆಯ ಮೇಲಿನ ಹೈಸ್ಕೂಲು ಅಂದರು, ದಸರೆ ರಜೆ, ಖಾಲಿ ಇದೆ. “ನೋಡೋಣ.” ಆಳಂದದ ಕಡೆ ಪರಿಚಯದ ಮಠವಿದೆ ಎಂದು ಸಿದ್ದರಾಮೇಶ ಅಂದರು. “ನೋಡೋಣ.” ಮಾತಿನ ನಡುವೆ ಕೆಂಪು ಅರಿವೆ ಕತ್ತರಿಸಿ ಒಂದೊಂದೇ ಕಟ್ಟನ್ನು ಸುತ್ತಿ, ಅದರ ಉದ್ದ ಅಗಲ ಅಳೆದು, ಚೀಟಿಯ ಮೇಲೆ ವಿವರ ಬರೆಯುತ್ತಿದ್ದಿರಿ. ಯಾರಾದರೂ ಮುಟ್ಟಲು ಬಂದರೆ, “ಹಂಗಲ್ಲ, ಹಂಗಲ್ಲ,” ಎಂದು ಕೈ ಸರಿಸುತ್ತಿದ್ದಿರಿ. ಒಂದು ಕಟ್ಟಿಗೆ ಇಪ್ಪತ್ತು ನಿಮಿಷ. ನಾನು ನಡಾವಳಿ ಪುಸ್ತಕದ ಹಿಂದಿನ ಪುಟದಲ್ಲಿ ಗುಣಿಸಿ ನೋಡಿದೆ. ಊಟ ನಿದ್ದೆ ಬಿಟ್ಟರೂ ಎಪ್ಪತ್ತು ತಾಸು. ಹೊಳೆಗೆ ಅಷ್ಟು ಪುರುಸೊತ್ತಿರಲಿಲ್ಲ.

ಆ ದಿನದ ನಡಾವಳಿಯಲ್ಲಿ ‘ನೋಡೋಣ’ ಎಂಬ ಶಬ್ದ ಹದಿನಾಲ್ಕು ಸಲ ಬಂದಿದೆ. ಕಾರ್ಯದರ್ಶಿಯಾದವಳು ಆಡಿದ್ದನ್ನು ಆಡಿದ ಹಾಗೇ ಬರೆಯಬೇಕು, ಬರೆದಿದ್ದೇನೆ.

ಹತ್ತು ಗಂಟೆಗೆ ಇನ್ನೆರಡು ಮೆಟ್ಟಿಲು ಮುಳುಗಿದವು. ಹಣಮಂತ್ರಾಯರು ಎದ್ದುನಿಂತು, ನೀರು ಇಳಿಯುವ ತನಕ ಅಧ್ಯಕ್ಷರ ಅಧಿಕಾರ ಬೇರೊಬ್ಬರ ಕೈಯಲ್ಲಿರಬೇಕು ಎಂದು ಠರಾವು ಮಂಡಿಸಿದರು. ಸಿದ್ದರಾಮೇಶ ಅನುಮೋದಿಸಿದರು. ಮುರ್ತುಜಾ ಸಾಹೇಬರು ತಕ್ಷಣ, “ನಾ ಕಲ್ಲಿನಾಥರ ಕೈ ಬಿಡಾಂಗಿಲ್ಲ. ಇಪ್ಪತ್ತೆರಡು ವರ್ಷದ ದೋಸ್ತಿ ಅದ,” ಅಂದರು. ಅಲ್ಲಿಗೆ ಆಚೆ ಇಬ್ಬರು, ಈಚೆ ನೀವೂ ಅವರೂ ಇಬ್ಬರು. ಎಲ್ಲರ ಕಣ್ಣು ನನ್ನ ಮೇಲೆ. ಗಂಡ ಹೆಂಡತಿ ಇಬ್ಬರೂ ಇರುವ ಸಭೆಯಲ್ಲಿ ಕೈ ಎತ್ತಿಸುವುದು ಸರಿಯಲ್ಲ, ಚೀಟಿ ಹಾಕೋಣ ಎಂದು ಸಿದ್ದರಾಮೇಶರೇ ಸೂಚಿಸಿದರು. ಅಧ್ಯಕ್ಷರ ಅಧಿಕಾರ ಮುಂದುವರಿಯಬೇಕೇ? ಹೌದು ಅಥವಾ ಬೇಡ. ಚಾಕ್ಕೆ ತಂದ ಸಕ್ಕರೆ ಡಬ್ಬಿ ಖಾಲಿ ಮಾಡಿ ಐದೂ ಚೀಟಿ ಅದರಲ್ಲಿ ಹಾಕಿದೆವು. ನಾನೇ ಬಿಚ್ಚಿ ಎಣಿಸಿದೆ. ಮೂರು ಬೇಡ, ಎರಡು ಹೌದು.

ನಾನು ಏನು ಬರೆದೆನೆಂದು ಇಲ್ಲಿ ಹೇಳುವುದಿಲ್ಲ ಗುರಮ್ಮಕ್ಕಾ. ಗುಪ್ತವಾಗಿ ಹಾಕಿದ ಚೀಟಿ ಗುಪ್ತವಾಗಿಯೇ ಇರಬೇಕು.

ನೀವು ಎದ್ದಿರಿ. ಅಂಗೈಗೆ ಅಂಟಿದ್ದ ಸಕ್ಕರೆ ಝಾಡಿಸಿ, “ಮನ್ಯಾಗಿನ ವೋಟೂ ಹೊರಗಿನ ವೋಟೂ ಒಂದಾದ ಮ್ಯಾಲ ನಂದೇನದ ಇಲ್ಲಿ,” ಎಂದು ಹೊರಟೇಬಿಟ್ಟಿರಿ. ಅವಸರದಲ್ಲಿ ಮುರ್ತುಜಾ ಸಾಹೇಬರ ಚಪ್ಪಲಿ ಮೆಟ್ಟಿಕೊಂಡು ಹೋದಿರಿ. ಪಾಪ, ಅವರ ಕಾಲು ದೊಡ್ಡದು. ನಿಮ್ಮ ಪರವಾಗಿ ನಿಂತ ಒಬ್ಬನೇ ದೋಸ್ತ ಪ್ರವಾಹ ಮುಗಿಯುವ ತನಕ ನಿಮ್ಮ ಸಣ್ಣ ಚಪ್ಪಲಿಯಲ್ಲಿ ಹಿಮ್ಮಡಿ ಹೊರಗೆ ಬಿಟ್ಟುಕೊಂಡು ಓಡಾಡಿದರು.

ಇಲ್ಲಿಂದ ಮುಂದಿನದು ನಿಮಗೂ ಗೊತ್ತಿಲ್ಲ. ಗಮನವಿಟ್ಟು ಓದಿ.

ಅಧಿಕಾರ ನನ್ನ ಕೈಗೆ ಕೊಟ್ಟರು. ನಾನು ಬೇಡವೆಂದೆ, ಕೆಳಗಿಳಿದವರ ಹೆಂಡತಿ ಮೇಲೇರುವುದು ಚೆನ್ನಾಗಿ ಕಾಣುವುದಿಲ್ಲ ಎಂದೆ. ಮುರ್ತುಜಾ ಸಾಹೇಬರು, “ಬಾಯಿಯವ್ರೇ, ಚಂದ ಕಾಣೂದು ಆಮ್ಯಾಲ ನೋಡೋಣು, ಮೊದಲು ತಾಡೋಲಿ ಉಳೀಲಿ,” ಅಂದರು. ಒಪ್ಪಿದೆ. ಆದರೆ ನೀರು ಇಳಿದ ದಿನವೇ ಈ ಅಧಿಕಾರ ಮುಗಿಯಬೇಕು ಎಂದು ಬರೆಸಿಕೊಂಡೆ. ಕೆಲಸ ಹಂಚಿದೆ. ಏನು ಎಲ್ಲಿಗೆ ಎನ್ನುವುದನ್ನು ನಾನು ಹೇಳಬೇಕು. ಸಿದ್ದರಾಮೇಶ ಬಾಗಿಲಲ್ಲಿ ಕೂತು ಹೊರಹೋದ ಕಟ್ಟುಗಳನ್ನು ಎಣಿಸಿ ಬರೆಯಬೇಕು, ಕಲಂ ಹೇಳಬಾರದು. ಹಣಮಂತ್ರಾಯರು ಗಾಡಿ ನೋಡಿಕೊಳ್ಳಬೇಕು, ಫೋನು ಕಿಸೆಯಲ್ಲೇ ಇರಬೇಕು. ಹೊರಗಿನವರ ಜತೆ ಮುರ್ತುಜಾ ಸಾಹೇಬರೊಬ್ಬರೇ ಮಾತಾಡಬೇಕು.

ಹಣಮಂತ್ರಾಯರು ಮತ್ತೆ ತಮ್ಮ ಗೋದಾಮಿನ ಮಾತು ತೆಗೆದರು. ನಾನು ಕೇಳಿದೆ, “ಅಣ್ಣಾರೇ, ಗೋದಾಮಿಗೆ ಒಯ್ದರ ನಿಮಗೇನು ಲಾಭ? ಇದ್ದದ್ದು ಬರದುಕೊಡ್ರಿ.” ಅವರು ಮುಖ ಕೆಂಪಗೆ ಮಾಡಿಕೊಂಡರು. ಆಮೇಲೆ ಪೆನ್ನು ತಗೊಂಡು, ‘ನನಗ ಪೇಪರನ್ಯಾಗ ಫೋಟೋ ಬೇಕಾಗಿತ್ತು’ ಎಂದು ಬರೆದು ಸಹಿ ಮಾಡಿದರು. ಇಪ್ಪತ್ತೆರಡು ವರ್ಷದ ನಡಾವಳಿಯಲ್ಲಿ ಇಷ್ಟು ಖರೇ ಮಾತು ಇನ್ನೊಂದಿಲ್ಲ. ಗೋದಾಮಿನಲ್ಲಿ ಹೆಗ್ಗಣ ಇವೆ ಎಂದೂ ತಾವೇ ಒಪ್ಪಿಕೊಂಡರು. ಕಟ್ಟುಗಳು ಹೈಸ್ಕೂಲಿಗೆ ಹೋಗುವುದೆಂದು ಠರಾವಾಯಿತು.

ಉಳಿದ ಕೆಂಪು ಅರಿವೆ ಇನ್ನೈದು ಕಟ್ಟಿಗೂ ಸಾಲುತ್ತಿರಲಿಲ್ಲ. ಹಣಮಂತ್ರಾಯರು ಮಿಲ್ಲಿನಿಂದ ಹೊಸ ಪ್ಲಾಸ್ಟಿಕ್ ಚೀಲದ ಬಂಡಲು ತರಿಸಿದರು. ನೀವು ಓದುತ್ತ ಹಲ್ಲು ಕಡಿಯುತ್ತೀರೆಂದು ಗೊತ್ತು, ಆದರೂ ಹೇಳಬೇಕು. ಶರಣರ ವಚನಗಳೆಲ್ಲ ‘ಉತ್ತಮ ದರ್ಜೆಯ ತೊಗರಿಬೇಳೆ, ಬೇಗ ಬೇಯುತ್ತದೆ’ ಎಂದು ಅಚ್ಚು ಹಾಕಿದ ಚೀಲದೊಳಗೆ ಹೋದವು. ಒಂದೊಂದು ಕಟ್ಟಿಗೂ ಮೊದಲು ಹತ್ತಿಯ ಅರಿವೆ ಸುತ್ತಿಸಿದೆ. ನಮ್ಮ ಮನೆಯ ತಲೆದಿಂಬಿನ ಚೀಲ, ಹಾಸಿಗೆಯ ಹೊದಿಕೆ, ನಿಮ್ಮ ಎಂಟು ಧೋತರ ಅದಕ್ಕೆ ಹೋದವು. ಕಿಣ್ಣಿ ಸುಲ್ತಾನದಲ್ಲಿ ಭಾವನವರ ಧೋತರ ಉಟ್ಟು ಕೂತಿದ್ದೀರಂತಲ್ಲ, ಇಲ್ಲಿ ಬಂದರೂ ಸದ್ಯಕ್ಕೆ ಅದೇ ಗತಿ.

ಹಣಮಂತ್ರಾಯರ ಮಿಲ್ಲಿನ ಮಲ್ಲಣ್ಣ ಟ್ರ್ಯಾಕ್ಟರ್ ತಂದ. ವಾಡೆಯ ಮುಂದಿನ ಕರಿಮಣ್ಣಿನಲ್ಲಿ ಟ್ರಾಲಿಯ ಗಾಲಿ ಅರ್ಧ ಹೂತುಹೋಯಿತು, ಹತ್ತಿರ ಬರಲೇ ಇಲ್ಲ. ಆಗ ಮಹಿಳಾ ಸಂಘದ ಶಾಂಭವಿ ಇಪ್ಪತ್ತೆಂಟು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದಳು. ವಾಡೆಯ ಬಾಗಿಲಿಂದ ಡಾಂಬರು ರಸ್ತೆಯ ತನಕ ಸಾಲಾಗಿ ನಿಂತರು. ಕೈಯಿಂದ ಕೈಗೆ, ಕೈಯಿಂದ ಕೈಗೆ. ನಡುವೆ ಒಬ್ಬ ಮುದುಕಿ ನಿಂತಿದ್ದಳು, ಪ್ರತಿ ಕಟ್ಟನ್ನೂ ಹಣೆಗೆ ಒತ್ತಿಕೊಂಡೇ ಮುಂದೆ ಕೊಡುತ್ತಿದ್ದಳು. “ಲಗೂ ಕೊಡಬೇ, ನೀರು ಬರಾಕತ್ತಾವ,” ಎಂದು ಪಕ್ಕದವಳು ಬೈದರೆ, “ಬಸವಣ್ಣ ನನ್ನ ಕೈಯಾಗ ದಿನಾ ಬರ್ತಾನೇನ?” ಅಂದಳು. ನನ್ನ ಕಣ್ಣಲ್ಲಿ ನೀರು ಬಂತು. ನಿಮ್ಮನ್ನು ಬೈದುಕೊಂಡೆ, ಇದನ್ನು ನೋಡಲಿಕ್ಕೆ ಇರಬೇಕಿತ್ತು ಈ ಮನುಷ್ಯ ಅಂತ.

ಟಿವಿಯವರು ಮತ್ತೆ ಬಂದರು. ಮುರ್ತುಜಾ ಸಾಹೇಬರು ಮುಂದೆ ನಿಂತರು. “ಸರ್, ಎಷ್ಟು ನಷ್ಟ?” ಎಂದು ಕೇಳಿದ್ದಕ್ಕೆ ಬಹಮನಿ ಸುಲ್ತಾನರಿಂದ ಶುರು ಮಾಡಿದರು. ನಿಜಾಮನ ಕಾಲಕ್ಕೆ ಬರುವಷ್ಟರಲ್ಲಿ ಕ್ಯಾಮರಾದ ಬ್ಯಾಟರಿ ಮುಗಿಯಿತು. ಬೇರೆ ಬ್ಯಾಟರಿ ಹಾಕಿದ ಮೇಲೆ ಹೇಳಿದ್ದು ಮೂರೇ ಮಾತು: ತಾಡೋಲೆ ಹೈಸ್ಕೂಲಿಗೆ ಹೊಂಟಾವ, ಕಲ್ಲು ಇಲ್ಲೇ ಇರ್ತಾವ, ಉಳಿದದ್ದು ನಮಗೂ ಇನ್ನೂ ಗೊತ್ತಿಲ್ಲ, ಗೊತ್ತಾದ ಮ್ಯಾಲ ಹೇಳ್ತೇವಿ. ಇದೇ ಮಾತನ್ನು ತಹಸೀಲ್ದಾರರಿಗೂ ಹೇಳಿದರು. ಒಂದೇ ಬಾಯಿಂದ ಒಂದೇ ಮಾತು ಕೇಳಿ ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ ಒಂದು ತಾಸಿನಲ್ಲಿ ಮಳೆಗೆ ಹೊದಿಸುವ ನಾಲ್ಕು ತಾಡಪತ್ರಿ ಕಳಿಸಿದರು.

ಸಂಜೆ ಐದೂವರೆಗೆ ಕೊನೆಯ ಟ್ರಂಕು ಹೊರಬಂತು. ಅದನ್ನು ಹೊತ್ತವರು ಯಾರು ಗೊತ್ತೇ? ಹಣಮಂತ್ರಾಯರು. ವಾಡೆಯ ಹೊರಗಿನ ತಗ್ಗಿನಲ್ಲಿ ಮೊಳಕಾಲು ತನಕ ನೀರು, ತಲೆಯ ಮೇಲೆ ಉರ್ದು ಕಾಗದದ ಟ್ರಂಕು. ಫೋಟೋ ತೆಗೆಯುವವರು ಒಬ್ಬರೂ ಇರಲಿಲ್ಲ. “ನನ್ನ ನಸೀಬ ನೋಡ್ರಿ ಬಾಯಿಯವ್ರೇ,” ಎಂದು ಅವರೇ ನಕ್ಕರು.

ಶುಕ್ರವಾರ ಮಧ್ಯಾಹ್ನ ನೀರು ನಿಮ್ಮ ಮುನ್ನೂರು ವರ್ಷದ ಹೊಸ್ತಿಲು ದಾಟಿತು. ನಾಲ್ಕು ದಿನ ಸೊಂಟಮಟ್ಟ ನಿಂತಿತ್ತು. ಇಳಿದ ಮೇಲೆ ಹೋಗಿ ನೋಡಿದೆವು. ಕಲ್ಲುಗಳು ಕೆಸರು ಮೆತ್ತಿಕೊಂಡು ಹಾಗೇ ನಿಂತಿವೆ. ಪಡಸಾಲೆಯ ಒಂದು ಗೋಡೆ ಕುಸಿದಿದೆ. ಜನ, ಕಟ್ಟು, ಟ್ರಂಕು ಎಲ್ಲ ಕ್ಷೇಮ. ಅವತ್ತೇ ನನ್ನ ಅಧಿಕಾರ ಮುಗಿಯಿತೆಂದು ಬರೆದು ಸಹಿ ಮಾಡಿದೆ.

ಒಂದನ್ನು ಮಾತ್ರ ಉಳಿಸಲಾಗಲಿಲ್ಲ. ಬರೆಯಲಿಕ್ಕೆ ಕೈ ಬರುತ್ತಿಲ್ಲ, ಆದರೂ ಹೇಳಬೇಕು. ವಾಡೆಯಲ್ಲಿ ನಿಮ್ಮ ಮೇಜಿನ ಕೆಳಗಿನ ಖಾನೆಯಲ್ಲಿ ಕಟ್ಟುಗಳ ಪಟ್ಟಿ ಬರೆದ ಹನ್ನೊಂದು ಪುಸ್ತಕ ಇದ್ದವಲ್ಲ, ಯಾವ ಕಟ್ಟು ಯಾವ ಊರಿನದು, ಯಾರ ಮನೆಯದು, ಒಳಗೆ ಏನಿದೆ ಎಂದು ನೀವು ಇಪ್ಪತ್ತಾರು ವರ್ಷ ಬರೆದಿದ್ದು. ಅವು ನೀರಿಗೆ ಹೋದವು. ಖಾನೆಯ ಕೀಲಿ ನಿಮ್ಮ ಹತ್ತಿರ ಇತ್ತು, ಆದರೂ ಬೀಗ ಒಡೆಯಬಹುದಿತ್ತು. ನನಗೆ ನೆನಪೇ ಆಗಲಿಲ್ಲ. ಕಟ್ಟು ಎಣಿಸುವುದರಲ್ಲಿದ್ದೆ, ಕಟ್ಟಿನ ಹೆಸರು ಎಲ್ಲಿದೆ ಎಂದು ಯೋಚಿಸಲಿಲ್ಲ. ಅವತ್ತು ಏನು ಎಲ್ಲಿಗೆ ಎಂದು ಹೇಳುವ ಕೆಲಸ ನನ್ನದಾಗಿತ್ತು, ಹಾಗಾಗಿ ತಪ್ಪು ನನ್ನದೇ. ನಡಾವಳಿಯಲ್ಲೂ ಹಾಗೇ ಬರೆದಿದ್ದೇನೆ. ಶಾಯಿ ಪೂರಾ ಕರಗಿ ಪುಟಗಳು ಆಕಾಶದ ಬಣ್ಣ ಆಗಿವೆ. ಕಲಬುರಗಿಯ ಕಾಲೇಜಿನಲ್ಲಿ ಇತಿಹಾಸ ಹೇಳುವ ಪಲ್ಲವಿ ಮೇಡಂ ಬಂದು ನೋಡಿ, ಇದರ ಇನ್ನೊಂದು ಪ್ರತಿ ಎಲ್ಲಿದೆ ಅಂದರು. ಇನ್ನೊಂದು ಪ್ರತಿ ಇರಲೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಒಬ್ಬ ಟ್ರಸ್ಟಿಯೂ ಕೇಳಿರಲಿಲ್ಲ.

ಮೊನ್ನೆ ಶುಕ್ರವಾರ ಸಭೆ ಮಾಡಿದೆವು. ನೀವು ಬರಲಿಲ್ಲ, ನೋಟಿಸು ತಲುಪಿದ್ದಕ್ಕೆ ಗುರಮ್ಮಕ್ಕನ ಹೆಬ್ಬೆಟ್ಟು ಇದೆ. ಇನ್ನು ಮೇಲೆ ಯಾರೂ ಮೂರು ವರ್ಷಕ್ಕಿಂತ ಹೆಚ್ಚು ಅಧ್ಯಕ್ಷರಾಗಿ ಇರುವ ಹಾಗಿಲ್ಲ ಎಂದು ಠರಾವು ಮಾಡಿದ್ದೇವೆ. ಮೊದಲ ಸರದಿ ಮುರ್ತುಜಾ ಸಾಹೇಬರದು. ಗಂಡ ಹೆಂಡತಿಯಲ್ಲಿ ಒಬ್ಬರು ಮಾತ್ರ ಪದಾಧಿಕಾರಿಯಾಗಿ ಇರಬಹುದು ಎಂದೂ ಆಯಿತು. ಇಷ್ಟು ವರ್ಷ ನಾವಿಬ್ಬರೂ ಇದ್ದೆವು, ಹಾಗಾಗಿ ನಾನೂ ಕಾರ್ಯದರ್ಶಿ ಸ್ಥಾನ ಬಿಟ್ಟುಕೊಟ್ಟಿದ್ದೇನೆ. ಈ ಪತ್ರವನ್ನು ಕಾರ್ಯದರ್ಶಿ ಬರೆಯುತ್ತಿಲ್ಲ.

ಈಗ ಹೈಸ್ಕೂಲಿನ ದೊಡ್ಡ ಕೋಣೆಯಲ್ಲಿ ಇನ್ನೂರಾ ಹನ್ನೆರಡು ಬೇಳೆಚೀಲಗಳು ಸಾಲಾಗಿ ಕೂತಿವೆ. ಯಾವುದರೊಳಗೆ ಏನಿದೆ ನಮಗೆ ಯಾರಿಗೂ ಗೊತ್ತಿಲ್ಲ. ಬರುವ ವಾರ ಶಾಲೆ ಶುರು, ಕೋಣೆ ಖಾಲಿ ಮಾಡಿಕೊಡಬೇಕು. ನಿನ್ನೆ ಪಲ್ಲವಿ ಮೇಡಂ ಒಂದು ಚೀಲ ಬಿಚ್ಚಿ ಇದು ಯಾವುದಿರಬಹುದು ಎಂದು ಕೇಳಿದರು. ನಾವು ನಾಲ್ವರು ನಾಲ್ಕು ಹೇಳಿದೆವು. ನೀವಿದ್ದರೆ ಕಣ್ಣು ಮುಚ್ಚಿಕೊಂಡು ಎಲೆಯ ಅಂಚು ಸವರಿ, ಇದು ಹಿರೋಳ್ಳಿಯ ಇಂಥವರ ಮನೆಯದು, ಆ ಮುದುಕ ನನಗ ಮಜ್ಜಿಗಿ ಕೊಟ್ಟಿದ್ದ ಅನ್ನುತ್ತಿದ್ದಿರಿ.

ಅಧ್ಯಕ್ಷರಾಗಿ ಬರುವುದು ಬೇಡ. ಅದು ನಿಮ್ಮ ಕೆಲಸವಾಗಿರಲಿಲ್ಲ, ನಾವೇ ಸುಸಲಾ ತಿಂದು ನಿಮ್ಮ ಮೇಲೆ ಹೇರಿದ್ದೆವು. ಬಂದು ಆ ಕಟ್ಟುಗಳ ನಡುವೆ ಕೂತು ಒಂದೊಂದನ್ನೇ ಹೇಳಿ. ಮೇಡಂ ಅವರ ವಿದ್ಯಾರ್ಥಿಗಳು ಬರೆದುಕೊಳ್ಳುತ್ತಾರೆ, ಮೂರು ಪ್ರತಿ ಆಗಬೇಕು, ಮೂರೂ ಬೇರೆ ಬೇರೆ ಊರಿನಲ್ಲಿರಬೇಕು. ಒಂದು ಕಟ್ಟಿಗೆ ಇಪ್ಪತ್ತು ನಿಮಿಷ ಹಿಡಿದರೂ ಈ ಸಲ ಯಾರೂ ಅವಸರ ಮಾಡುವುದಿಲ್ಲ.

ದಸರೆಯ ದಿನ ಎಲ್ಲರ ಮನೆಗೂ ಹೋಗಿ ಬನ್ನಿ ಕೊಟ್ಟು ಬಂದೆ. ನಿಮ್ಮ ಪಾಲಿನದು ಜಗಲಿಯ ಮೇಲಿದೆ, ಒಣಗಿದೆ. ಒಣಗಿದರೂ ಅದು ಬಂಗಾರವೇ ಅಂತಾರೆ.

ಗುರಮ್ಮಕ್ಕನಿಗೆ ಶರಣಾರ್ಥಿ ಹೇಳಿ. ಹೊರಡುವ ಮುಂಚೆ ಅವರ ಡಬ್ಬಿಗಳ ಮೇಲಿನ ಚೀಟಿ ಕಿತ್ತಿಟ್ಟು ಬನ್ನಿ.

ಇಂತಿ,
ಹಾದಿ ನೋಡುತ್ತಿರುವ,
ಶಿವಕಾಂತಾ

ತಾ.ಕ.: ಇಲ್ಲಿಂದ ಮುಂದಿನದನ್ನು ಗುರಮ್ಮಕ್ಕನಿಗೆ ಓದಬೇಡಿ. ಮನಸ್ಸಿನಲ್ಲೇ ಓದಿಕೊಳ್ಳಿ.

ಚೀಟಿ ಎಣಿಸಿದವಳು ನಾನು. ಮೂರು ಬೇಡಗಳಲ್ಲಿ ಒಂದರ ಕೆಳಗೆ, ಅಡಿಪಟ್ಟಿ ಇಲ್ಲದೆ, ಕೂದಲಿನಷ್ಟೂ ಓರೆಯಾಗದ ಒಂದು ಗೆರೆ ಎಳೆದಿತ್ತು. ಹಾಗೆ ಗೆರೆ ಎಳೆಯುವವರು ಈ ಮೂರು ತಾಲೂಕಿನಲ್ಲಿ ಒಬ್ಬರೇ. ಮೂವತ್ತೊಂದು ವರ್ಷದಿಂದ ಕಿರಾಣಿ ಚೀಟಿಯ ಮೇಲೂ ಅದನ್ನು ನೋಡುತ್ತ ಬಂದಿದ್ದೇನೆ. ನಿಮ್ಮನ್ನು ಕೆಳಗಿಳಿಸಿದ ಮೂರನೇ ಚೀಟಿ ನಿಮ್ಮದೇ.

ಹೌದು ಎಂದು ಬರೆದ ಇಬ್ಬರಲ್ಲಿ ಒಬ್ಬರು ಮುರ್ತುಜಾ ಸಾಹೇಬರು. ಇನ್ನೊಬ್ಬಳು ನಾನು. ಇದು ನಿಮಗೆ ಅವತ್ತೇ ಗೊತ್ತಾಗಿರಬೇಕು. ಜೀವಮಾನವೆಲ್ಲ ಹೊಲ ಅಳೆದವರಿಗೆ ಐದು ಚೀಟಿಯ ಲೆಕ್ಕ ಬರುವುದಿಲ್ಲವೇ? ಆದರೂ ಹದಿನೆಂಟು ದಿನ ಕಟ್ಟೆಯ ಮೇಲೆ ಕೂತು ನನ್ನ ಹೆಸರು ಹೇಳಿದ್ದೀರಿ. ನನ್ನದೂ ಅಂಥದ್ದೇ ಕಥೆ. ನೀರು ಇಳಿದ ಮೇಲೆ ಮಹಿಳಾ ಸಂಘದವರು, ಗಂಡ ಅಂತ ನೋಡಲಿಲ್ಲ, ನ್ಯಾಯ ನೋಡಿದಳು ಎಂದು ಹೇಳಿ ನನಗೆ ಶಾಲು ಹೊದಿಸಿದರು. ಚಪ್ಪಾಳೆ ಬಿತ್ತು. ಬಾಯಿ ಬಿಡದೆ ಹೊದ್ದುಕೊಂಡು ಮನೆಗೆ ಬಂದೆ. ಸರಿಯಾಗಿ ಬರೆದವರು ನೀವು, ತಪ್ಪಾಗಿ ಬರೆದವಳು ನಾನು.

ಬೆಳಿಗ್ಗೆ ಚಾ ಕೊಡುತ್ತ ನಾನು ಹೇಳಿದ ಮಾತು ಕೇಳಿ ನೀವು ಚೀಟಿ ಬರೆದಿರಿ. ಡಬ್ಬಿಯ ಮುಂದೆ ನಿಮ್ಮ ಮುಖ ನೋಡಿ ನಾನು ಬರೆದೆ. ಸಂಸಾರದಲ್ಲಿ ಒಮ್ಮೆಯೂ ನೀವು ನನ್ನ ಮಾತು ಇಷ್ಟು ಚೆನ್ನಾಗಿ ಕೇಳಿದ್ದಿಲ್ಲ.

ನಾಳೆ ಹತ್ತೂವರೆಯ ಬಸ್ಸಿಗೆ ನಿಲ್ದಾಣಕ್ಕೆ ಬರುತ್ತೇನೆ. ಪತ್ರ ಅಷ್ಟು ಲಗೂ ಮುಟ್ಟುವುದಿಲ್ಲ ಎಂದು ಗೊತ್ತು. ನಾಡಿದ್ದೂ ಬರುತ್ತೇನೆ.